ತಲೇಲಿ ಓಡ್ತಾನೇ ಇರೋ ಯೋಚನೆಗಳಿಗೆ ನಾನು ಮಾಡೋದು

ರಾತ್ರಿ ಮಲಗಿದ್ರೂ ತಲೇಲಿ ಏನೇನೋ ಓಡ್ತಾನೇ ಇರುತ್ತೆ, ಎಲ್ರೂ ಆತ್ಮಾವಲೋಕನ ಮಾಡ್ಕೋ ಅಂತಾರೆ, ಅದನ್ನ ಮಾಡೋದಾದ್ರೂ ಹೇಗೆ, ನಾಸಿಕ್ ಹತ್ರದ ಇಗತ್‌ಪುರಿಗೆ ಹೋಗಿ ವಿಪಶ್ಯನಾ ಧ್ಯಾನಕ್ಕೆ ಕೂತ್ರೆ ಸರಿಹೋಗುತ್ತಾ ಅಂತ ಕೇಳಿದೀರಿ. ನಾನು ಡಾಕ್ಟರೂ ಅಲ್ಲ ಗುರುವೂ ಅಲ್ಲ, ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ಸ್ಟೇಷನ್‌ಗೆ ಲೋಕಲ್ ಟ್ರೇನ್‌ನಲ್ಲಿ ಓಡಾಡೋ ಅಕೌಂಟ್ಸ್ ಮನುಷ್ಯ, ನನಗೆ ಗೊತ್ತಿರೋದಷ್ಟು ಹೇಳ್ತೀನಿ.

ಮೊದ್ಲು ಒಂದು ವಿಷಯ, ಒಂದನ್ನೇ ತಿರುಗಾಮುರುಗಾ ಯೋಚಿಸೋದು ಆತ್ಮಾವಲೋಕನ ಅಲ್ಲ, ಅದು ಕೊರಗು. 'ನಂಗೇ ಯಾಕೆ ಹೀಗಾಗುತ್ತೆ' ಅಂತ ಶುರು ಮಾಡಿದ್ರೆ ಬೆಳಗಾದ್ರೂ ಮುಗಿಯಲ್ಲ. 'ನಾನು ಯಾವುದನ್ನ ಮುಂದಕ್ಕೆ ತಳ್ತಾ ಇದೀನಿ, ತಳ್ಳಿದ್ರೆ ನಂಗೇನು ಲಾಭ' ಅಂತ ಕೇಳ್ಕೊಳ್ಳಿ, ಉತ್ತರ ಬರುತ್ತೆ. ಕೇಳೋಕೆ ಚೆನ್ನಾಗಿರಲ್ಲ ಅಷ್ಟೆ.

ನನ್ನದೇ ಹೇಳ್ತೀನಿ. ಊರಲ್ಲಿ ಅಣ್ಣ ಹಳೇ ಮನೆ ರಿಪೇರಿಗೆ ದುಡ್ಡು ಕೇಳ್ತಿದ್ದ, ಅವನ ಫೋನ್ ಬಂದ್ರೆ ಸಾಕು ಆ ದಿನ ಪೂರ್ತಿ ತಲೆ ಕೆಡ್ತಿತ್ತು. ಒಂದಿನ ಹಾಳೆ ತಗೊಂಡು ಬರ್ದೆ, 'ಇಎಂಐ ಇದೆ, ಈಗ ಆಗಲ್ಲ.' ಸುಳ್ಳೇನಲ್ಲ, ಆದ್ರೆ ಬರೆದ್ಮೇಲೂ ಎದೆ ಹಗುರ ಆಗ್ಲಿಲ್ಲ. ಅದರ ಕೆಳಗೆ, 'ಅಷ್ಟು ಸುರಿದ್ರೂ ಆ ಮನೇಲಿ ಇರೋರು ಯಾರು?' ಅದಕ್ಕೂ ಕೆಳಗೆ, 'ನಾನು ಇನ್ನು ಊರಿಗೆ ವಾಪಸ್ ಹೋಗಲ್ಲ, ಅದನ್ನ ಅಮ್ಮನ ಎದುರು ಹೇಳೋಕೆ ಧೈರ್ಯ ಇಲ್ಲ.' ಇದ್ದಿದ್ದು ಇದೇ, ದುಡ್ಡಿನ ವಿಷಯ ಅಲ್ಲವೇ ಅಲ್ಲ! ಅಣ್ಣಂಗೆ ಫೋನ್ ಮಾಡಿ 'ಚೌತಿಗೆ ಬಂದಾಗ ಅಮ್ಮನ್ನೂ ಕೂರಿಸ್ಕೊಂಡು ಮಾತಾಡೋಣ' ಅಂದೆ. ಸಮಸ್ಯೆ ಇದ್ದಲ್ಲೇ ಇತ್ತು, ಆದ್ರೆ ತಲೆ ಒಳಗಿನ ಗಲಾಟೆ ನಿಂತೋಯ್ತು.

ಇದು ನನಗೊಬ್ಬನಿಗೆ ಆಗಿದ್ದೇನಲ್ಲ. ಅರ್ಧಕ್ಕೆ ನಿಂತ ಕೆಲಸ ಮುಗಿದಿದ್ದಕ್ಕಿಂತ ಜಾಸ್ತಿ ನೆನಪಲ್ಲಿ ಉಳಿಯುತ್ತೆ ಅಂತ ಬ್ಲೂಮಾ ಝೈಗಾರ್ನಿಕ್ ಅನ್ನೋ ಮನಶ್ಶಾಸ್ತ್ರಜ್ಞೆ 1927ರಲ್ಲೇ ಬರೆದಿದ್ರು (ಆಮೇಲೆ ಆ ಪ್ರಯೋಗ ಮಾಡಿದ ಎಲ್ರಿಗೂ ಅದೇ ರಿಸಲ್ಟ್ ಬಂದಿಲ್ಲ, ಅದೂ ನಿಜ). ನಂಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು 2011ರಲ್ಲಿ ಮ್ಯಾಸಿಕ್ಯಾಂಪೊ, ಬಾಮೈಸ್ಟರ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗ: ಕೆಲಸ ಮುಗಿಸ್ಲೇಬೇಕು ಅಂತಿಲ್ಲ, ಯಾವಾಗ ಹೇಗೆ ಮಾಡ್ತೀನಿ ಅಂತ ಗಟ್ಟಿಯಾಗಿ ಪ್ಲಾನ್ ಮಾಡ್ಕೊಂಡ್ರೂ ಅದು ಮಧ್ಯೆ ಮಧ್ಯೆ ಬಂದು ಕಾಡೋದು ಕಮ್ಮಿ ಆಗುತ್ತೆ. ಆದ್ರೆ ಪ್ಲಾನ್ ಮಾಡೋಕೆ ನಿಜವಾದ ವಿಷಯ ಯಾವುದು ಅಂತ ಗೊತ್ತಿರ್ಬೇಕಲ್ಲ, ನಾನು ಇಎಂಐ ಬಗ್ಗೆ ಎಷ್ಟು ಪ್ಲಾನ್ ಮಾಡಿದ್ರೂ ಏನೂ ಆಗ್ತಿರ್ಲಿಲ್ಲ.

ಬರೆದಿದ್ದನ್ನ ಹರಿದು ಹಾಕಿ. ಮನೇಲಿ ಯಾರಾದ್ರೂ ಓದ್ತಾರೆ ಅನ್ನೋ ಭಯ ಇದ್ರೆ ಕೈ ತಾನಾಗೇ ಒಳ್ಳೆಯವನ ಥರ ಬರೆಯುತ್ತೆ. ಟ್ರೇನಲ್ಲಿ ಬರೀತೀನಿ ಅಂದ್ಕೋಬೇಡಿ, ಬೆಳಗಿನ ಫಾಸ್ಟ್‌ನಲ್ಲಿ ಫೋರ್ತ್ ಸೀಟ್ (ಮೂರು ಜನರ ಸೀಟಿನ ತುದೀಲಿ ನಾಲ್ಕನೆಯವನಾಗಿ ಕೂರೋ ಜಾಗ) ಸಿಕ್ಕಿದ್ರೇ ಪುಣ್ಯ, ನಾನು ರಾತ್ರಿ ಅಡುಗೆಮನೇಲಿ ಎಲ್ರೂ ಮಲಗಿದ್ಮೇಲೆ ಬರಿಯೋದು. ವಾರಗಟ್ಟಲೆ ನಿದ್ದೆನೇ ಇಲ್ಲ, ಬದುಕೋದೇ ಬೇಡ ಅನ್ಸುತ್ತೆ ಅಂದ್ರೆ ಈ ಹಾಳೆ ಪೆನ್ನು ಎಲ್ಲಾ ಬಿಟ್ಟು ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ, 14416, ಸರ್ಕಾರದ್ದು, ದುಡ್ಡಿಲ್ಲ.

ಇನ್ನು ಇಗತ್‌ಪುರಿ. ಅಲ್ಲಿನ ವಿಪಶ್ಯನಾ ಕೇಂದ್ರ ಧಮ್ಮಗಿರಿಯಲ್ಲಿ ಹೊಸಬರಿಗೆ 10 ದಿನದ ಶಿಬಿರ, ಮಾತಾಡೋ ಹಾಗಿಲ್ಲ, ಫೋನಿಲ್ಲ, ಫೀಸೂ ಇಲ್ಲ, ಹಿಂದೆ ಕೋರ್ಸ್ ಮಾಡಿದವರ ದೇಣಿಗೆಯಲ್ಲಿ ನಡೆಯುತ್ತೆ. ಓದೋದು ಬರಿಯೋದೂ ಬಂದ್, ಹಾಗಾಗಿ ನನ್ನ ಉಪಾಯ ಅಲ್ಲಿ ನಡೆಯಲ್ಲ! ಮನಸ್ಸಿನ ದೊಡ್ಡ ಕಾಯಿಲೆ ಇರೋರು ಅರ್ಜೀಲಿ ಮುಚ್ಚಿಡದೆ ಹೇಳ್ಬೇಕು, ಅಂಥವರಿಗೆ ಅದು ಬೇಡ ಅಂತ ಅವರೇ ಹೇಳ್ತಾರೆ. ಹೋಗೋದಾದ್ರೆ ಲೋಕಲ್ ಕಸಾರಾವರೆಗೆ ಮಾತ್ರ, ಅಲ್ಲಿಂದ ಮುಂದೆ ಘಾಟ್, ಎಕ್ಸ್‌ಪ್ರೆಸ್ ಟ್ರೇನ್‌ಗೆ ಮೊದ್ಲೇ ರಿಸರ್ವೇಶನ್ ಮಾಡ್ಸಿಡಿ.