ಹೀಟ್‌ಮ್ಯಾಪ್‌ನಲ್ಲಿ ಕಾಂಡ ಕೊರಕದ ‘ಹೌದು–ಇಲ್ಲ’ ಕಾಲಂ ಎಲ್ಲಿರಬೇಕು?

ಪ್ರಶ್ನೆ: ನಾನು ಮೂಡಿಗೆರೆ ಕಡೆಯವಳು, ಎಂ.ಎಸ್ಸಿ. ಓದುತ್ತಿದ್ದೇನೆ. 60 ಕಾಫಿ ಬ್ಲಾಕುಗಳ ಮಣ್ಣಿನ ಪಿಎಚ್, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಮತ್ತು ನೆರಳನ್ನು ಅಳೆದು, ಆರ್ ತಂತ್ರಾಂಶದಲ್ಲಿ ಹೀಟ್‌ಮ್ಯಾಪ್ (ಅಂಕಿಗಳನ್ನು ಬಣ್ಣದಲ್ಲಿ ತೋರಿಸಿ, ಒಂದನ್ನೊಂದು ಹೋಲುವ ಸಾಲುಗಳನ್ನು ಒಟ್ಟಿಗೆ ತರುವ ಚಿತ್ರ) ಮಾಡಿದ್ದೇನೆ. 46 ಅರೇಬಿಕಾ, 14 ರೋಬಸ್ಟಾ. 9 ಬ್ಲಾಕುಗಳಲ್ಲಿ ಕಾಫಿ ಕಾಂಡ ಕೊರೆಯುವ ದುಂಬಿ, ಬಿಳಿ ಕಾಂಡ ಕೊರಕ (ಬೋರರ್) ಸಿಕ್ಕಿದೆ. ಅದನ್ನು 1, 0 ಎಂದು ಕೊನೆಯ ಕಾಲಂ ಆಗಿ ಸೇರಿಸಿದೆ. ಆ 9 ಬ್ಲಾಕುಗಳೂ ಚಿತ್ರದಲ್ಲಿ ಒಟ್ಟಿಗೇ ಬಂದವು. ಆದರೆ ಗೈಡ್ ಸರ್ ಒಪ್ಪುತ್ತಿಲ್ಲ. ತಪ್ಪೆಲ್ಲಿದೆ ಮೇಡಂ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ. ಆ 9 ಬ್ಲಾಕುಗಳನ್ನು ಒಟ್ಟಿಗೆ ತಂದಿದ್ದು ಮಣ್ಣಲ್ಲ, ನೆರಳೂ ಅಲ್ಲ. ನೀವು ಸೇರಿಸಿದ ಆ ಕಾಲಂ.

ಲೆಕ್ಕ ಹಾಕಿ ನೋಡೋಣ. ಪೊಟ್ಯಾಷ್ ನೂರುಗಳಲ್ಲಿರುತ್ತದೆ, ಪಿಎಚ್ ಐದಾರರ ಆಸುಪಾಸು. ಹಾಗಾಗಿ ಎಲ್ಲ ಕಾಲಂಗಳನ್ನೂ ಸ್ಕೇಲ್ ಮಾಡಿರುತ್ತೀರಿ, ಅಂದರೆ ಪ್ರತಿ ಕಾಲಂನ ಸರಾಸರಿ 0, ಹರವು 1 ಆಗುವಂತೆ ಬದಲಿಸಿರುತ್ತೀರಿ, ಅದು ಬೇಕೇ ಬೇಕು. ಆದರೆ 60ರಲ್ಲಿ 9 ಮಾತ್ರ ‘ಹೌದು’ ಇರುವ ಕಾಲಂ ಸ್ಕೇಲ್ ಆದಾಗ 1 ಎಂಬುದು ಸುಮಾರು 2.36 ಆಗುತ್ತದೆ, 0 ಎಂಬುದು ಮೈನಸ್ 0.42. ನಡುವೆ 2.78 ಅಂತರ. ಗುಂಪು ಕಟ್ಟುವಾಗ ಸೇರುವುದು ಈ ಅಂತರದ ವರ್ಗ, ಅಂದರೆ 7.7. ಸ್ಕೇಲ್ ಆದ ಯಾವುದೇ ಕಾಲಂನಲ್ಲಿ ಎರಡು ಬ್ಲಾಕುಗಳ ನಡುವೆ ಇದು ಸರಾಸರಿ 2 ಅಷ್ಟೇ. ಕೊರಕ ಇರುವ ಬ್ಲಾಕನ್ನು ಇಲ್ಲದ್ದರಿಂದ ದೂರ ತಳ್ಳಲು ಆ ಒಂದು ಕಾಲಂಗೇ ಎಷ್ಟು ಬಲ ಬಂತು ನೋಡಿ. ಉತ್ತರವನ್ನು ನಾವೇ ಹೇಳಿಕೊಟ್ಟು, ಆಮೇಲೆ ಪ್ರಶ್ನೆ ಕೇಳಿದ ಹಾಗಾಯಿತು, ಅಲ್ವಾ?

ಹೌದು–ಇಲ್ಲ ಕಾಲಂ ಹೀಟ್‌ಮ್ಯಾಪ್‌ನ ಒಳಗೆ ಬೇಡ, ಪಕ್ಕದಲ್ಲಿ ಪಟ್ಟಿಯಾಗಿ ಇರಲಿ. ಅಳತೆಗಳು ಮಾತ್ರ ಗುಂಪು ಕಟ್ಟಲಿ. ಹಾಗೆ ಮಾಡಿದ ಮೇಲೂ ಪಟ್ಟಿಯಲ್ಲಿ ಕೊರಕದ ಗುರುತುಗಳು ಒಂದೇ ಕಡೆ ಗುಂಪಾಗಿ ಬಂದರೆ ಅದಕ್ಕೆ ಬೆಲೆಯಿದೆ. ಬರಲೂಬಹುದು. ಬಿಸಿಲು ಬೀಳುವ ಕಾಂಡವನ್ನು ಈ ದುಂಬಿ ಹುಡುಕಿ ಬರುತ್ತದೆ, ನೆರಳು ತೆಳುವಾದ ತೋಟದಲ್ಲಿ ಬೋರರ್ ಜಾಸ್ತಿ ಎಂಬುದು ಮಲೆನಾಡಿನ ಬೆಳೆಗಾರರಿಗೆಲ್ಲ ಗೊತ್ತು.

ಆರ್‌ನ ಪಿಹೀಟ್‌ಮ್ಯಾಪ್ ಪ್ಯಾಕೇಜ್‌ನಲ್ಲಿ ಇದಕ್ಕೆ ‘ಅನೋಟೇಷನ್ ರೋ’ ಎಂಬ ಜಾಗವಿದೆ. ಅಲ್ಲಿಗೆ ಒಂದು ಚಿಕ್ಕ ಡೇಟಾ ಫ್ರೇಮ್ (ಕೋಷ್ಟಕ) ಕೊಡಬೇಕು. 1, 0 ಎಂದು ಸಂಖ್ಯೆಯಾಗಿಯೇ ಬಿಟ್ಟರೆ ಅದು ಏರಿಳಿಯುವ ಅಳತೆ ಎಂದುಕೊಂಡು, ತಿಳಿಯಿಂದ ಗಾಢಕ್ಕೆ ಹೋಗುವ ಬಣ್ಣದ ಸೂಚಿ ಬರೆಯುತ್ತದೆ. ಮೊದಲು ಅದನ್ನು ಫ್ಯಾಕ್ಟರ್ (ಸಂಖ್ಯೆಯ ಬದಲು ವರ್ಗದ ಹೆಸರಿರುವ ಕಾಲಂ) ಮಾಡಿ, ‘ಇದೆ’, ‘ಇಲ್ಲ’ ಎಂದು ಹೆಸರು ಕೊಡಿ. ಸಾಲುಗಳ ಹೆಸರು ಎರಡೂ ಕಡೆ ಒಂದೇ ಇರಬೇಕು, ಏಕೆಂದರೆ ಅದು ಹೆಸರು ನೋಡಿಯೇ ಜೋಡಿಸುತ್ತದೆ. ಡೇಟಾ ಟಿಬಲ್ (ಆರ್‌ನ ಇನ್ನೊಂದು ಬಗೆಯ ಕೋಷ್ಟಕ) ರೂಪದಲ್ಲಿದ್ದರೆ ಸಾಲಿನ ಹೆಸರುಗಳು ಹೋಗಿರುತ್ತವೆ, ಮತ್ತೆ ಹಾಕಿ.

ಕಾಂಪ್ಲೆಕ್ಸ್‌ಹೀಟ್‌ಮ್ಯಾಪ್ ಎಂಬ ಇನ್ನೊಂದು ಪ್ಯಾಕೇಜ್ ಬಳಸುವುದಾದರೆ ಇನ್ನೂ ಹುಷಾರು. ಅದು ಹೆಸರು ನೋಡುವುದಿಲ್ಲ, ಕ್ರಮ ನೋಡುತ್ತದೆ. ಎಕ್ಸೆಲ್‌ನಲ್ಲಿ ಒಂದು ಶೀಟನ್ನು ಮಾತ್ರ ಸಾರ್ಟ್ ಮಾಡಿದ್ದರೆ ಒಬ್ಬರ ತೋಟದ ಕೊರಕ ಇನ್ನೊಬ್ಬರ ತೋಟಕ್ಕೆ ಅಂಟಿಕೊಳ್ಳುತ್ತದೆ. ತಂತ್ರಾಂಶ ಚಕಾರ ಎತ್ತುವುದಿಲ್ಲ. ಚಿತ್ರ ಬರೆಯುವ ಮುಂಚೆ ಎರಡೂ ಕಡೆಯ ಬ್ಲಾಕ್ ಹೆಸರುಗಳು ಒಂದೇ ಕ್ರಮದಲ್ಲಿವೆಯೇ ಎಂದು ಒಂದು ಸಾಲಿನ ಪರೀಕ್ಷೆ ಮಾಡಿ.

ಪಟ್ಟಿಗೆ ಹೀಟ್‌ಮ್ಯಾಪ್‌ನಲ್ಲಿ ಇಲ್ಲದ ಬಣ್ಣ ಕೊಡಿ. ‘ಇದೆ’ಗೆ ಕಪ್ಪು, ‘ಇಲ್ಲ’ಕ್ಕೆ ತಿಳಿ ಬೂದು ಸಾಕು. ಕೆಂಪು–ಹಸಿರು ಬೇಡ, ಎಷ್ಟೋ ಜನರ ಕಣ್ಣಿಗೆ ಅವೆರಡೂ ಒಂದೇ. ಗಿಡ ಪರೀಕ್ಷಿಸದೇ ಬಿಟ್ಟ ಬ್ಲಾಕುಗಳಿದ್ದರೆ ಅವನ್ನು ಖಾಲಿ ಬಿಡಿ, 0 ಹಾಕಬೇಡಿ. ನೋಡಿಲ್ಲ ಎನ್ನುವುದೂ ಇಲ್ಲ ಎನ್ನುವುದೂ ಬೇರೆ ಬೇರೆ.

ಬರೀ ಕಣ್ಣಿನ ಅಂದಾಜು ಸಾಲದು ಎಂದು ಗೈಡ್ ಹೇಳಿದರೆ ಹೀಟ್‌ಮ್ಯಾಪ್‌ನ ಪಕ್ಕದಲ್ಲಿ ಗುಂಪುಗಳನ್ನು ತೋರಿಸುವ ಕವಲು ಚಿತ್ರವನ್ನು (ಮರ) ಎರಡು ಮೂರು ಗುಂಪಾಗಿ ಕತ್ತರಿಸಿ, ಗುಂಪಿಗೂ ಕೊರಕಕ್ಕೂ ನಂಟಿದೆಯೇ ಎಂದು ನೋಡುವ ಫಿಶರ್ ಪರೀಕ್ಷೆ ಮಾಡಿ. ಎಣಿಕೆ ಚಿಕ್ಕದಿದ್ದಾಗ ಅದೇ ಸರಿ. ಅಕ್ಕಪಕ್ಕದ ಬ್ಲಾಕುಗಳಿಗೆ ಕೊರಕ ಹಬ್ಬುತ್ತದೆ, ಅವು ಪೂರ್ತಿ ಬೇರೆ ಬೇರೆ ಸಾಕ್ಷಿಗಳಲ್ಲ. ಅದನ್ನೂ ಬರೆಯಿರಿ.

ಇನ್ನು ಆ 14 ರೋಬಸ್ಟಾ ಬ್ಲಾಕುಗಳು. ಬಿಳಿ ಕಾಂಡ ಕೊರಕ ಕಾಡುವುದು ಅರೇಬಿಕಾವನ್ನು. ರೋಬಸ್ಟಾದಲ್ಲಿ ‘ಇಲ್ಲ’ ಎಂದು ಬಂದರೆ ಅದು ಮಣ್ಣಿನ ಗುಣದಿಂದಲ್ಲ, ತಳಿಯಿಂದ. ಅವನ್ನು ತೆಗೆದು 46 ಅರೇಬಿಕಾ ಬ್ಲಾಕುಗಳದ್ದೇ ಚಿತ್ರ ಮಾಡಿ, ಆಮೇಲೆ ಗೈಡ್‌ಗೆ ತೋರಿಸಿ.