ವಿಚಾರಣೆ ಬರುತ್ತದೆ, ಆರ್ಡರ್ ಬರುವುದಿಲ್ಲ: ಉದ್ದಿಮೆಗಳ ನಡುವಿನ ಆನ್‌ಲೈನ್ ವ್ಯಾಪಾರ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮ ತಂದೆಯವರು ಆರಂಭಿಸಿದ ಸಣ್ಣ ಮಷಿನ್ ಶಾಪ್ ಇದೆ. ಹೈಡ್ರಾಲಿಕ್ ಪೈಪ್ ಫಿಟ್ಟಿಂಗ್‌ಗಳನ್ನು ತಯಾರಿಸುತ್ತೇವೆ. ಜೊತೆಗೆ ದೊಡ್ಡ ಕಂಪನಿಗಳು ಕೊಡುವ ಡ್ರಾಯಿಂಗ್ ಪ್ರಕಾರ ಬಿಡಿಭಾಗಗಳನ್ನೂ ಮಾಡಿಕೊಡುತ್ತೇವೆ. ವಾರ್ಷಿಕ ವಹಿವಾಟು ಸುಮಾರು 6 ಕೋಟಿ ರೂಪಾಯಿ. ಕಳೆದ ವರ್ಷ ಒಂದು ಬಿ ಟು ಬಿ ಪೋರ್ಟಲ್‌ಗೆ ಚಂದಾ ಕಟ್ಟಿದೆವು. ವಿಚಾರಣೆಗಳು ದಿನವೂ ಬರುತ್ತವೆ, ಆರ್ಡರ್ ಆಗುವುದು ಅಪರೂಪ. ಮಾಲು ಕಳುಹಿಸಿ ಮೂರು ತಿಂಗಳಾದರೂ ಹಣ ಕೈಸೇರುವುದಿಲ್ಲ. ಈ ವ್ಯಾಪಾರ ನಮ್ಮಂಥವರಿಗೆ ನಿಜಕ್ಕೂ ಉಪಯೋಗವೇ?

ಉತ್ತರ: ಉಪಯೋಗವಿದೆ, ಆದರೆ ನಿಮ್ಮಲ್ಲಿ ತಯಾರಾಗುವ ಎರಡು ಬಗೆಯ ಸರಕಿಗೂ ಒಂದೇ ದಾರಿ ಹೊಂದುವುದಿಲ್ಲ. ಅಳತೆ, ಲೋಹ ಮತ್ತು ಮಾನಕವನ್ನು ಹೇಳಿದರೆ ಪೂರ್ತಿ ತಿಳಿಯುವ ಫಿಟ್ಟಿಂಗನ್ನು ಖರೀದಿದಾರರು ಕಣ್ಣಿಂದ ನೋಡದೆಯೇ ತರಿಸಿಕೊಳ್ಳುತ್ತಾರೆ. ಡ್ರಾಯಿಂಗ್ ಪ್ರಕಾರ ಮಾಡುವ ಬಿಡಿಭಾಗಕ್ಕಾದರೋ ದರ ಹೇಳುವ ಮೊದಲೇ ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ಏರುಪೇರು), ಹೀಟ್ ಟ್ರೀಟ್‌ಮೆಂಟ್, ತಪಾಸಣಾ ವರದಿ, ಸ್ಯಾಂಪಲ್‌ನ ಒಪ್ಪಿಗೆ ಇಷ್ಟೂ ಮಾತುಕತೆಯಾಗಬೇಕು.

ಈ ವ್ಯತ್ಯಾಸವನ್ನು ಲೆಕ್ಕಿಸದೆ ಕೈಸುಟ್ಟುಕೊಂಡವರಲ್ಲಿ ಅತಿ ದೊಡ್ಡ ಕಂಪನಿಗಳೂ ಇವೆ. ಜನರಲ್ ಮೋಟರ್ಸ್, ಫೋರ್ಡ್ ಮತ್ತು ಡೈಮ್ಲರ್‌ಕ್ರೈಸ್ಲರ್ 2000ದಲ್ಲಿ ಜೊತೆಗೂಡಿ ಕೋವಿಸಿಂಟ್ ಎಂಬ ಆನ್‌ಲೈನ್ ಖರೀದಿ ಮಾರುಕಟ್ಟೆಯನ್ನು ಕಟ್ಟಿದವು. ಒಬ್ಬರಿಗಿಂತ ಒಬ್ಬರು ದರ ಇಳಿಸುತ್ತ ಹೋಗುವ ಹಿಮ್ಮುಖ ಹರಾಜಿಗೆ ಬಿಡಿಭಾಗ ತಯಾರಕರು ಮನಸ್ಸಿನಿಂದ ಬರಲಿಲ್ಲ. 2004ರಲ್ಲಿ ಅದು ಕಂಪ್ಯುವೇರ್ ಎಂಬ ಸಾಫ್ಟ್‌ವೇರ್ ಕಂಪನಿಯ ಪಾಲಾಯಿತು. ಅದಕ್ಕಿಂತ ಎಷ್ಟೋ ಹಳೆಯದಾದ ಇಡಿಐ (ಎಲೆಕ್ಟ್ರಾನಿಕ್ ಡೇಟಾ ಇಂಟರ್‌ಚೇಂಜ್) ಮಾತ್ರ ಸದ್ದಿಲ್ಲದೆ ಬೆಳೆಯಿತು. ಅಮೆರಿಕದಲ್ಲಿ 1979ರಲ್ಲೇ ಅದರ ಮಾನಕಗಳಿಗಾಗಿ ಎಕ್ಸ್12 ಸಮಿತಿ ರಚನೆಯಾಗಿತ್ತು. ಹೊಸ ಗಿರಾಕಿಯನ್ನು ಹುಡುಕಿಕೊಡುವ ಆಸೆಯನ್ನು ಇಡಿಐ ತೋರಿಸಲಿಲ್ಲ. ಆಗಲೇ ಪರಿಚಯವಿದ್ದ ಇಬ್ಬರ ನಡುವೆ ಪರ್ಚೇಸ್ ಆರ್ಡರ್, ರವಾನೆಯ ಸೂಚನೆ ಮತ್ತು ಬಿಲ್ಲನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಪ್ಪಿಲ್ಲದೆ ಮುಟ್ಟಿಸುವುದಷ್ಟೇ ಅದರ ಕೆಲಸ. ನಿಮ್ಮ ಡ್ರಾಯಿಂಗ್ ಕೆಲಸಕ್ಕೆ ಹತ್ತಿರವಾದದ್ದು ಈ ಎರಡನೆಯ ಬಗೆ. ಹಳೆಯ ಗಿರಾಕಿಗಳ ವೆಂಡರ್ ಪೋರ್ಟಲ್‌ನಲ್ಲಿ ಡ್ರಾಯಿಂಗಿನ ಇತ್ತೀಚಿನ ಪರಿಷ್ಕರಣೆಯನ್ನೂ ತಪಾಸಣಾ ವರದಿಯನ್ನೂ ಅಚ್ಚುಕಟ್ಟಾಗಿ ಇಟ್ಟುಕೊಂಡರೆ ಅಲ್ಲಿಗೆ ಸಾಕು.

ಫಿಟ್ಟಿಂಗ್‌ಗಳ ವಿಷಯಕ್ಕೆ ಬರೋಣ. ನಮ್ಮ ದೇಶದ ಬಿ ಟು ಬಿ ತಾಣಗಳೆಲ್ಲ ಒಂದೇ ಜಾತಿಯವಲ್ಲ. 1996ರಲ್ಲಿ ಆರಂಭವಾದ ಇಂಡಿಯಾಮಾರ್ಟ್ ಮೂಲತಃ ಮಾರಾಟಗಾರರ ಡೈರೆಕ್ಟರಿ. 2016ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಉಡಾನ್ ಅಂಗಡಿಗಳಿಗೆ ಸರಕು, ಸಾಗಣೆ ಮತ್ತು ಉದ್ದರಿಯನ್ನು ಒಟ್ಟಿಗೆ ಕೊಡಲು ಹೊರಟದ್ದು. ಅದೇ ವರ್ಷ ಬಂದ ಜೆಮ್ ಸರ್ಕಾರಿ ಖರೀದಿಯ ತಾಣ. ಡೈರೆಕ್ಟರಿ ಮಾದರಿಯಲ್ಲಿ ಒಂದೇ ವಿಚಾರಣೆ ಹಲವು ಮಾರಾಟಗಾರರಿಗೆ ಹೋಗುವುದು ಸಾಮಾನ್ಯ. ಆದ್ದರಿಂದ ‘ಉತ್ತಮ ಗುಣಮಟ್ಟದ ಹೈಡ್ರಾಲಿಕ್ ಫಿಟ್ಟಿಂಗ್’ ಎಂದು ಬರೆದವರಿಗೆ ಬರುವುದು ದರ ಕೇಳುವವರ ಫೋನ್ ಮಾತ್ರ. ಅದರ ಬದಲು ‘ಐಎಸ್‌ಒ 8434-1, 24 ಡಿಗ್ರಿ ಕೋನ್, 10 ಮಿ.ಮೀ. ಟ್ಯೂಬ್, ಎಂ 16 × 1.5 ಥ್ರೆಡ್’ ಎಂದು ಬರೆದು, ಲೋಹ, ಲೇಪನ, ಕನಿಷ್ಠ ಆರ್ಡರ್ ಪ್ರಮಾಣ ಮತ್ತು ಸಿದ್ಧ ದಾಸ್ತಾನನ್ನು ಸೇರಿಸಿದರೆ ಫೋನುಗಳು ಕಡಿಮೆಯಾಗುತ್ತವೆ, ಬಂದವುಗಳಲ್ಲಿ ಹುರುಳಿರುತ್ತದೆ. ಚಂದಾ ನವೀಕರಿಸುವ ಮೊದಲು ಈ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳಿ. ಒಂದು ತಿಂಗಳ ಬೇಸರದ ಕೆಲಸ, ಆದರೆ ಒಮ್ಮೆ ಮಾಡಿದರೆ ಯಾವ ತಾಣಕ್ಕಾದರೂ ಅದೇ ಸಲ್ಲುತ್ತದೆ.

ಹಣದ ಪ್ರಶ್ನೆಯೇ ಇಲ್ಲಿ ಮುಖ್ಯವಾದದ್ದು, ಮತ್ತು ನನ್ನ ಅಭಿಪ್ರಾಯದಲ್ಲಿ ಈಚಿನ ವರ್ಷಗಳ ನಿಜವಾದ ಬದಲಾವಣೆ ಆಗಿರುವುದೂ ಅಲ್ಲೇ. 2017ರ ಜುಲೈಯಲ್ಲಿ ಜಿಎಸ್‌ಟಿ ಜಾರಿಯಾದ ಮೇಲೆ ಬಿಲ್ಲೆಂಬ ಕಾಗದ ನಿಧಾನವಾಗಿ ಯಂತ್ರ ಓದುವ ದತ್ತಾಂಶವಾಯಿತು. 2020ರ ಅಕ್ಟೋಬರಿನಲ್ಲಿ 500 ಕೋಟಿಗಿಂತ ಹೆಚ್ಚು ವಹಿವಾಟಿನ ಸಂಸ್ಥೆಗಳಿಗೆ ಕಡ್ಡಾಯವಾದ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸಿದ ಬಿಲ್ಲು), ಹಂತಹಂತವಾಗಿ ಕೆಳಗಿಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯಿಸಿತು. 2017-18ರಿಂದ ಈಚೆಗೆ ಯಾವ ಒಂದು ವರ್ಷ ಈ ಮಿತಿ ದಾಟಿದ್ದರೂ ಸಾಕು. ನೀವು ಅದರೊಳಗೆ ಬರುತ್ತೀರಿ. ಪ್ರತಿ ಬಿಲ್ಲಿಗೂ 64 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಮತ್ತು ಕ್ಯೂಆರ್ ಕೋಡ್ ಬರುವುದರಿಂದ ಆ ಬಿಲ್ಲು ಸುಳ್ಳಲ್ಲವೆಂದು ಬ್ಯಾಂಕು ತಾನೇ ಪರಿಶೀಲಿಸಬಹುದು.

ಇಂಥ ಬಿಲ್ಲಿನ ಮೇಲೆ ಹಣ ಪಡೆಯಲೆಂದೇ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಟ್ರೆಡ್ಸ್ ವೇದಿಕೆಗಳಿವೆ: ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಮುಂತಾದವು. ನೀವು ಬಿಲ್ಲನ್ನು ಅಲ್ಲಿ ಏರಿಸುತ್ತೀರಿ, ಖರೀದಿದಾರ ಕಂಪನಿ ಒಪ್ಪುತ್ತದೆ, ಬ್ಯಾಂಕುಗಳು ಬಡ್ಡಿದರಕ್ಕೆ ಬಿಡ್ ಮಾಡುತ್ತವೆ, ನಿಮಗೆ ಹಣ ಕೂಡಲೇ ಸಿಗುತ್ತದೆ. ಬ್ಯಾಂಕು ಅಳೆಯುವುದು ಖರೀದಿದಾರರ ಸಾಲಯೋಗ್ಯತೆಯನ್ನು. ಅವರು ಗಡುವಿಗೆ ಕೊಡದಿದ್ದರೂ ನಿಮ್ಮಿಂದ ವಸೂಲಿ ಮಾಡುವಂತಿಲ್ಲ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಈ ವೇದಿಕೆಗಳಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2024ರ ನವೆಂಬರಿನಲ್ಲಿ ಅಧಿಸೂಚನೆಯಾಗಿದೆ. ನೋಂದಾಯಿಸಿಕೊಂಡ ಮಾತ್ರಕ್ಕೆ ಅವರಾಗಿಯೇ ನಿಮ್ಮ ಬಿಲ್ಲನ್ನು ಅಲ್ಲಿಗೆ ತರುತ್ತಾರೆಂದು ಕಾಯಬೇಡಿ. ಅವರ ಅಕೌಂಟ್ಸ್ ವಿಭಾಗವನ್ನು ನೀವೇ ಕೇಳಬೇಕು. ಕೇಳುವಾಗ ಕಾನೂನಿನ ಬಲವೂ ನಿಮ್ಮ ಬೆನ್ನಿಗಿದೆ: 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿಯಾಗಿ.

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದು ಹಾರ್ಡ್‌ವೇರ್ ಸಗಟು ವ್ಯಾಪಾರ. ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ‘ಉದ್ಯಮ್’ ನೋಂದಣಿ ಮಾಡಿಸಿದ್ದೇನೆ. 45 ದಿನಗಳ ನಿಯಮ ನನಗೂ ಸಿಗುತ್ತದೆಯೇ?

ಉತ್ತರ: ಸಿಗುವುದಿಲ್ಲ. ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿಯ ಬಾಗಿಲನ್ನು 2021ರ ಜುಲೈಯಲ್ಲಿ ತೆರೆದಾಗ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕಷ್ಟೇ (ಬ್ಯಾಂಕುಗಳು ಕೆಲವು ವಲಯಗಳಿಗೆ ಕೊಡಲೇಬೇಕಾದ ಸಾಲದ ಪಾಲು) ಸೀಮಿತಗೊಳಿಸಲಾಯಿತು. ಆದ್ದರಿಂದ ಆನ್‌ಲೈನ್‌ನಲ್ಲಿ ಬಂದ ಆರ್ಡರಾದರೂ ಒಪ್ಪುವಾಗಲೇ ಹಣದ ಗಡುವನ್ನೂ ತಡವಾದರೆ ತಗಲುವ ಬಡ್ಡಿಯನ್ನೂ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ, ಮತ್ತು ಹೊಸ ಗಿರಾಕಿಯ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ, ನೋಂದಣಿ ಚಾಲ್ತಿಯಲ್ಲಿದೆಯೇ, ರಿಟರ್ನ್‌ಗಳು ಸಲ್ಲಿಕೆಯಾಗಿವೆಯೇ ಎಂಬುದನ್ನು ಮಾಲು ಲಾರಿಗೆ ಹತ್ತುವ ಮುನ್ನವೇ ನೋಡಿಕೊಳ್ಳಿ.