ತಾಜಾ ಪರಿಮಳ ಅರ್ಧ ಗಂಟೆಯಲ್ಲೇ ಮಾಯವಾಗುವ ಬಗ್ಗೆ

ನೀವು ಮೈಗೆ ಸಿಂಪಡಿಸಿಕೊಳ್ಳುವ ಪರ್ಫ್ಯೂಮಿನಲ್ಲಿ ಪುದೀನ, ರೋಸ್‌ಮರಿಗಳ ಪರಿಮಳ ಅರ್ಧ ಗಂಟೆಯೂ ನಿಲ್ಲುವುದಿಲ್ಲ ಎಂದಿದ್ದೀರಿ. ಅಂಥ ತೈಲಗಳು ಬೇಗ ಆವಿಯಾಗುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ, ಬಾಟಲಿಯ ದೋಷವಿರಲಾರದು. ಸ್ನಾನವಾದ ಮೇಲೆ ಮೊದಲು ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ಏಕೆಂದರೆ ಒಣ ಚರ್ಮದಲ್ಲಿ ಪರಿಮಳ ನಿಲ್ಲುವುದು ಕಡಿಮೆ. ಬಳಿಕ ಒಂದು ಗೇಣು ದೂರದಿಂದ ಕುತ್ತಿಗೆಗೂ ಮೊಣಕೈಯ ಒಳಮಡಿಕೆಗೂ ಸಿಂಪಡಿಸಿ, ಉಜ್ಜದೆ ಒಣಗಲು ಬಿಡಿ. ನಾನು ಬಳಸುವ ಪರ್ಫ್ಯೂಮಿನಲ್ಲಿ, ಹಿಚುಕಿದ ಹಸಿ ಎಲೆಯಂತಿದ್ದ ಘಾಟು ಇಳಿದು, ಎರಡು ಗಂಟೆಯ ನಂತರವೂ ಆ ಮಡಿಕೆಯಲ್ಲಿ ಒದ್ದೆ ಲಾವಂಚದ ಬೇರಿನ ಕಂಪು ಉಳಿದಿರುತ್ತದೆ. ನನಗೆ ಹೆಚ್ಚು ಇಷ್ಟವಾಗುವುದು ಅದೇ. ನಿಮ್ಮ ಮೂಗು ಒಗ್ಗಿಹೋಗಿರಲೂಬಹುದಾದ್ದರಿಂದ, ಮತ್ತೆ ಸಿಂಪಡಿಸುವ ಮುನ್ನ ಪಕ್ಕದವರನ್ನು ಕೇಳಿ. ಅವರಿಗೂ ತಿಳಿಯದಿದ್ದರೆ ಲೇಬಲ್ ನೋಡಿ: ‘ಕಲೋನ್’ ಎಂದಿದ್ದರೆ ಅದರಲ್ಲಿ ಸುಗಂಧತೈಲ ಸಾಮಾನ್ಯವಾಗಿ ಶೇ. 2ರಿಂದ 5ರಷ್ಟೇ ಇರುತ್ತದೆ, ಶೇ. 15ರ ಆಸುಪಾಸಿನ ‘ಒ ಡ ಪರ್ಫ್ಯೂಮ್’ ಆರಿಸಿಕೊಳ್ಳಿ.